ಶಾಲು ಹೊದಿಸಿದ ತಪ್ಪಿಗೆ

ನಮ್ಮ ಕಡೆ ಒಳ್ಳೆಯವರನ್ನು ಸುಮ್ಮನೆ ಬಿಡುವ ಪದ್ಧತಿ ಇಲ್ಲ. ಹಿಡಿದು ತಂದು ವೇದಿಕೆಯ ಮೇಲೆ ಕೂರಿಸಿ, ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿದ ಮೇಲೇ ಬಿಡುವುದು. ಅವರು ಬೇಡ ಬೇಡ ಎಂದಷ್ಟೂ ನಮಗೆ ಹುರುಪು ಜಾಸ್ತಿ. ನಾನೇ ಇಂಥ ಎಷ್ಟು ಸನ್ಮಾನ ಮಾಡಿಸಿದ್ದೇನೋ ನೆನಪಿಲ್ಲ. ಅದರಿಂದ ಒಬ್ಬ ಮನುಷ್ಯನ ಮಾನಕ್ಕೇ ಸಂಚಕಾರ ಬರಬಹುದು ಎಂದು 2004ರವರೆಗೆ ನನಗೆ ಹೊಳೆದಿರಲಿಲ್ಲ.

ನನ್ನ ಹೆಸರು ಶಿವರುದ್ರಮ್ಮ. ಆಗ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ.

1996ರಲ್ಲಿ ನಾನು ಗುಬ್ಬಿಯ ವೆಂಕಟರಂಗಯ್ಯನವರ ಡ್ರೈವಿಂಗ್ ಸ್ಕೂಲಿಗೆ ಸೇರಿ, ಇಪ್ಪತ್ತೊಂದು ದಿನ ಬಯಲಿನಲ್ಲಿ ಸುತ್ತಿ, ಕಾರಿನಿಂದಲೇ ನೆಲದ ಮೇಲೆ ಇಂಗ್ಲಿಷಿನ ಎಂಟು ಬರೆದು ತೋರಿಸಿ ಲೈಸೆನ್ಸ್ ಪಡೆದಿದ್ದೆ. ಆ ಎಂಟಿನಿಂದ ಹೊರಗೆ ಬಂದು ರಸ್ತೆಗೆ ಇಳಿಯುವ ಧೈರ್ಯ ಮಾತ್ರ ಬರಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಮಾರುತಿ ಕಾರು ಕಾಂಪೌಂಡಿನಲ್ಲಿ ಕವರ್ ಹೊದ್ದು ಮಲಗಿತು. ನಾನು ಲೈಸೆನ್ಸನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ದಿನವೂ ಗುಬ್ಬಿಯ ಮೇಲೆ ಹೋಗುವ ತಿಪಟೂರು ಬಸ್ಸಿಗೆ ಓಡುತ್ತಿದ್ದೆ.

ಆ ಬಸ್ಸಿನ ಡ್ರೈವರ್ ಅಜ್ಮತುಲ್ಲಾ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಅಪಘಾತವಿಲ್ಲ, ಒಂದು ನಾಯಿಗೂ ಗಾಲಿ ತಾಗಿಸಿದವರಲ್ಲ. 2001ರಲ್ಲಿ ರಿಟೈರ್ ಆದ ದಿನ ನಾನು ಗುಬ್ಬಿಯಲ್ಲಿ ಇಳಿಯುವಾಗ ನಮಸ್ಕಾರ ಹೇಳಿದೆ. ಮಾತಿಗೆ ಮಾತು ಬೆಳೆದು ಕಾರಿನ ವಿಷಯ ಬಂತು.

"ಲೈಸೆನ್ಸ್ ಐತೆ, ಕಾರೂ ಐತೆ. ಮತ್ಯಾಕೆ ಮೇಡಮ್ಮೋರೆ ಬಸ್ಸಿಗೆ ಓಡ್ತೀರಿ?" ಎಂದರು.

"ಭಯ ಸಾಹೇಬ್ರೆ. ಲಾರಿ ಕಂಡ್ರೆ ಕೈಕಾಲು ಆಡಲ್ಲ."

"ಭಯ ಇರ್ಬೇಕು. ಎಷ್ಟು ಬೇಕೋ ಅಷ್ಟಿದ್ರೆ ಸಾಕು. ಭಾನ್ವಾರ ಮನೆ ಹತ್ರ ಬರ್ತೀನಿ, ಕವರ್ ತೆಗೆದಿಟ್ಟಿರಿ."

ಹಾಗೆ ಶುರುವಾಯಿತು. ಕಾರು ನನ್ನದು, ಪೆಟ್ರೋಲ್ ನನ್ನದು. ಅವರು ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೆ. ಗೇರ್ ಹಾಕುವುದು, ಕ್ಲಚ್ ಬಿಡುವುದು ಇವೆಲ್ಲ ಅವರ ಪಾಠದಲ್ಲಿ ಇರಲಿಲ್ಲ. ಎದುರಿನ ಬಸ್ಸನ್ನು ನೋಡಬೇಡಿ, ಅದರ ಮುಂದಿನ ಚಕ್ರ ಎತ್ತ ತಿರುಗುತ್ತಿದೆ ನೋಡಿ ಎನ್ನುತ್ತಿದ್ದರು. ರಸ್ತೆಗೆ ಹುರುಳಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ನಮ್ಮ ರೈತರ ಜಾಣತನ ಗೊತ್ತಲ್ಲ, ಆ ಹೊಟ್ಟಿನ ಮೇಲೆ ಬ್ರೇಕ್ ತುಳಿಯದೆ ದಾಟುವುದು ಹೇಗೆ ಎಂದು ಹೇಳಿಕೊಟ್ಟರು. ತೆಂಗಿನಕಾಯಿ ಲಾರಿಯ ಹಿಂದೆ ಎಷ್ಟು ದೂರ ಇರಬೇಕು, ಯಾವಾಗ ದಾಟಬೇಕು, ದಾಟುವ ಆಸೆ ಯಾವಾಗ ಬಿಡಬೇಕು ಎಂಬುದನ್ನೂ ಕಲಿತೆ. ಎರಡು ತಿಂಗಳಿಗೆ ನಾನು ಸ್ಕೂಲಿಗೆ ಕಾರಿನಲ್ಲೇ ಹೋದೆ. ಹುಡುಗರೆಲ್ಲ ಗೇಟಿಗೆ ಬಂದು ನಿಂತರು, ಗದರಿಸಿ ಒಳಗೆ ಕಳಿಸಿದೆ. ಒಳಗೊಳಗೇ ಖುಷಿಯಾಗಿತ್ತು.

ಸುದ್ದಿ ಹಬ್ಬಿತು. ನನ್ನ ಹಾಗೆ ಲೈಸೆನ್ಸ್ ಇದ್ದು ರಸ್ತೆಗೆ ಹೆದರುವವರು ಇಷ್ಟು ಜನ ಇದ್ದಾರೆಂದು ಆಗಲೇ ತಿಳಿದದ್ದು. ಇಬ್ಬರು ನರ್ಸ್‌ಗಳು, ಒಬ್ಬ ಬ್ಯಾಂಕಿನವರು, ಕಡಬದ ಚಿಕ್ಕಬೋರಯ್ಯ ಎಂಬ ತೋಟದ ಯಜಮಾನರು, ಹೀಗೆ ಎಂಟು ಜನ ಆದೆವು. ಚಿಕ್ಕಬೋರಯ್ಯನಿಗೆ ಅರವತ್ತು ದಾಟಿತ್ತು. ಹಳೆಯ ಅಂಬಾಸಿಡರ್ ಕೊಂಡು, ಅದರಲ್ಲಿ ಹೆಂಡತಿ ಪುಟ್ಟತಾಯಮ್ಮನನ್ನು ಕೂರಿಸಿಕೊಂಡು ನೆಂಟರ ಮನೆಗಳಿಗೆಲ್ಲ ಹೋಗಬೇಕೆಂಬುದು ಅವರ ಹಟ. ಭಾನುವಾರ ಬೆಳಿಗ್ಗೆ ಅಜ್ಮತುಲ್ಲಾ ಒಬ್ಬೊಬ್ಬರ ಕಾರಿನಲ್ಲೂ ಅರ್ಧ ಗಂಟೆ ಕೂರುತ್ತಿದ್ದರು. ಮೂರು ವರ್ಷದಲ್ಲಿ ಒಂದು ಪೈಸೆ ಮುಟ್ಟಲಿಲ್ಲ. ಚಹಾ ಕುಡಿದರೆ ಒಂದು ಸಲ ನಮ್ಮ ದುಡ್ಡು, ಮುಂದಿನ ಸಲ ಅವರದು.

ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನನಗೇ ತಡೆಯಲಿಲ್ಲ. ಶಿಕ್ಷಕರ ದಿನಾಚರಣೆಗೆ ಸಾಹೇಬರಿಗೆ ಸನ್ಮಾನ ಮಾಡೋಣ ಎಂದೆ. ಎಲ್ಲರೂ ಹೂಂ ಎಂದರು. ಗುಬ್ಬಿಯಲ್ಲಿ ಒಂದು ಸಣ್ಣ ಹಾಲ್ ಹಿಡಿದೆವು. ಪೇಟ, ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಎಲ್ಲರೂ ಸೇರಿ ಹಾಕಿದ ಎರಡು ಸಾವಿರದ ಒಂದು ರೂಪಾಯಿಯ ಕವರ್. ಸಾಹೇಬರು ನಾಚಿಕೆಯಿಂದ ನೆಲ ನೋಡುತ್ತಾ ಕೂತಿದ್ದರು. ಪತ್ರಿಕೆಗೆ ಕೊಡುವ ಸುದ್ದಿಯನ್ನು ನಾನೇ ಬರೆದೆ. ಬರೆಯುವಾಗ ನನ್ನ ಪೆನ್ನಿಗೆ ಯಾವ ದೆವ್ವ ಮೆಟ್ಟಿಕೊಂಡಿತೋ, "ಸುಧಾರಿತ ಚಾಲನಾ ಶಾಲೆಯ ಪ್ರಾಂಶುಪಾಲ ಅಜ್ಮತುಲ್ಲಾ ಅವರಿಗೆ ಶಿಷ್ಯವೃಂದದಿಂದ ಗುರುದಕ್ಷಿಣೆ ಸಮರ್ಪಣೆ" ಎಂದು ಬರೆದುಬಿಟ್ಟೆ. ಶಾಲೆಯೂ ಇರಲಿಲ್ಲ, ಪ್ರಾಂಶುಪಾಲರೂ ಇರಲಿಲ್ಲ. ಸುಮ್ಮನೆ ಸಾಹೇಬರು ಅಂದರೆ ಸನ್ಮಾನಕ್ಕೆ ತೂಕ ಬರುವುದಿಲ್ಲ ಎನಿಸಿತ್ತು. ಮೂರನೇ ದಿನ ಕವರ್ ಹಿಡಿದ ಫೋಟೋ ಸಮೇತ ಸುದ್ದಿ ಬಂತು.

ತಿಂಗಳು ಕಳೆಯುವುದರೊಳಗೆ ತುಮಕೂರಿನ ಸಾರಿಗೆ ಕಚೇರಿಯಿಂದ ಸಾಹೇಬರಿಗೆ ನೋಟೀಸು ಬಂತು. ಪರವಾನಗಿ ಇಲ್ಲದೆ, ಪ್ರತಿಫಲ ಪಡೆದು ಚಾಲನಾ ಶಾಲೆ ನಡೆಸುತ್ತಿರುವುದಾಗಿ ದೂರು ಬಂದಿದೆ, ನಿಮ್ಮ ಮೇಲೆ ಮತ್ತು ನಿಮ್ಮ ಚಾಲನಾ ಪರವಾನಗಿಯ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು, ಬಂದು ಹೇಳಿ ಎಂದು. ದೂರಿನ ಜೊತೆ ಪತ್ರಿಕೆಯ ತುಣುಕು ಲಗತ್ತಾಗಿತ್ತು. ನನ್ನದೇ ವಾಕ್ಯ, ಕೆಳಗೆ ಕೆಂಪು ಗೆರೆ.

ಸಾಹೇಬರು ಆ ಕಾಗದವನ್ನು ನಮ್ಮ ಮನೆಗೆ ತಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮೇಡಮ್ಮೋರೆ, ದಂಡ ಹಾಕ್ಲಿ, ಕಟ್ತೀನಿ. ಆದ್ರೆ ಲೈಸೆನ್ಸ್ ಕಿತ್ಕಂಡ್ರೆ ನಾನ್ ಯಾರು ಹೇಳಿ? ಓದಿಲ್ಲ, ಬರೆದಿಲ್ಲ. ನಂದು ಅಂತ ಇರೋದು ಅದೊಂದೇ."

ಅಂಗಿಯ ಜೇಬಿನಿಂದ ಲೈಸೆನ್ಸ್ ತೆಗೆದು ಟೇಬಲ್ಲಿನ ಮೇಲಿಟ್ಟರು. ತೀರ್ಮಾನ ಆಗುವವರೆಗೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದರು. ಇಲಾಖೆಯವರು ಹಾಗೇನೂ ಹೇಳಿರಲಿಲ್ಲ, ಅವರೇ ಹಾಕಿಕೊಂಡ ಕಟ್ಟು ಅದು. ಭಾನುವಾರದ ಪಾಠವೂ ನಿಂತಿತು. ಹೆಂಡತಿ ಖುರ್ಷಿದಾ ಬೇಗಂ ಮಗಳು ಫಿರ್ದೋಸಳ ಬಾಣಂತನಕ್ಕೆ ಕುಣಿಗಲ್‌ಗೆ ಹೋಗಿದ್ದರು. ಫೋನಿನಲ್ಲಿ ಸುದ್ದಿ ಕೇಳಿ ಅವರಿಗೂ ಊಟ ಸೇರದಂತಾಯಿತು. ಸಾಹೇಬರ ಕಣ್ಣ ಕೆಳಗೆ ಕಪ್ಪು ಕಟ್ಟಿತು. ರಾತ್ರಿ ನಿದ್ದೆ ಬರುವುದಿಲ್ಲ, ಕಣ್ಣು ಮುಚ್ಚಿದರೆ ಬಸ್ಸು ಓಡಿಸಿದ ಹಾಗೇ ಆಗುತ್ತದೆ ಎನ್ನುತ್ತಿದ್ದರು. ಇದೆಲ್ಲ ನನ್ನಿಂದ. ಅವರಿಗೆ ಏನಾದರೂ ಆದರೆ ನಾನು ಆ ಕಾರಿಗೆ ಮತ್ತೆ ಕವರ್ ಹೊದಿಸಿಬಿಡುತ್ತೇನೆ ಎಂದು ಯಜಮಾನರ ಮುಂದೆ ಅತ್ತೆ.

ಅತ್ತು ಮುಗಿದ ಮೇಲೆ ಕೋಪ ಬಂತು. ದೂರು ಕೊಟ್ಟವರು ವೆಂಕಟರಂಗಯ್ಯ ಎಂದು ತಿಳಿದು ನೇರವಾಗಿ ಅವರ ಸ್ಕೂಲಿಗೇ ನುಗ್ಗಿದೆ. ಹತ್ತು ನಿಮಿಷ ಬೈದೆ. ಅವರು ಎದ್ದು ಕುರ್ಚಿ ಹಾಕಿದರು.

"ಕೂತ್ಕಂಡು ಬೈರಿ ಮೇಡಂ. ನಾನು ಈ ರೂಮಿಗೆ ಬಾಡಿಗೆ ಕಟ್ತೀನಿ. ಪರವಾನಗಿ ತಗಂಡಿದೀನಿ. ಕಲಿಸೋನ ಕಡೆಗೂ ಬ್ರೇಕಿರೋ ಕಾರ್ ಇಟ್ಟಿದೀನಿ, ವರ್ಷಾ ವರ್ಷಾ ಇನ್ಸ್‌ಪೆಕ್ಷನ್ನು. ಏನಾದ್ರೂ ಆದ್ರೆ ಜೈಲಿಗೆ ಹೋಗೋನು ನಾನು. ಅವ್ರು ಪ್ರಾಂಶುಪಾಲರು, ದಕ್ಷಿಣೆ ತಗೊಂಡ್ರು ಅಂತ ಪೇಪರ್‌ನಾಗೆ ನೋಡಿದ್ರೆ ನನ್ ಹೊಟ್ಟೆ ಉರಿಯಲ್ವಾ?"

ಅವರ ಮಾತಿನಲ್ಲಿ ನ್ಯಾಯ ಇತ್ತು, ಅದೇ ಇನ್ನೂ ಸಿಟ್ಟು ತರಿಸಿತು. ದೂರು ವಾಪಸ್ ತಗೊಳ್ಳಿ ಎಂದೆ. ಕೈಬಿಟ್ಟು ಹೋದ ಕಾಗದ, ಈಗ ಆಫೀಸರು ತೀರ್ಮಾನ ಮಾಡಲಿ ಎಂದರು.

ವಿಚಾರಣೆ ನವೆಂಬರಿನ ಒಂದು ಗುರುವಾರ. ಹಿಂದಿನ ಸಂಜೆ ಸಾಹೇಬರನ್ನು ಕೂರಿಸಿಕೊಂಡು ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಹಾಗೆ ತಯಾರು ಮಾಡಿದೆ. "ಕವರ್ ಬಗ್ಗೆ ಕೇಳಿದ್ರೆ ಫೋಟೋಗೆ ಮಾತ್ರ ಹಿಡ್ಕೊಂಡೆ, ಆಮೇಲೆ ವಾಪಸ್ ಕೊಟ್ಟೆ ಅನ್ನಿ. ಆ ದುಡ್ಡು ಈಗ್ಲೇ ನನ್ ಕೈಗೆ ಕೊಡಿ, ಮಾತು ನಿಜ ಆಗುತ್ತೆ." ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಹೇಳಿದ ಬಾಯಿ ಇದು. ಸಾಹೇಬರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ದುಡ್ಡನ್ನೂ ಕೊಡಲಿಲ್ಲ.

ಕಚೇರಿಗೆ ನಾನು, ಸಾಹೇಬರು, ಸಾಕ್ಷಿ ಹೇಳುತ್ತೇನೆಂದು ಹಟ ಹಿಡಿದು ಬಂದ ಚಿಕ್ಕಬೋರಯ್ಯ ಹೋದೆವು. ವೆಂಕಟರಂಗಯ್ಯ ಆಗಲೇ ಬೆಂಚಿನ ಮೇಲಿದ್ದರು. ಅಧಿಕಾರಿಯ ಹೆಸರು ಲಕ್ಷ್ಮೀಕಾಂತ್. ನಲವತ್ತು ದಾಟಿರದ, ಕಡಿಮೆ ಮಾತಿನ ಮನುಷ್ಯ. ಫೈಲು ತಿರುವಿ ನೋಡಿ ಹೇಳಿದರು:

"ಒಬ್ಬರು ಇನ್ನೊಬ್ಬರಿಗೆ ಕಾರ್ ಓಡಿಸೋದು ಹೇಳ್ಕೊಟ್ರೆ ಕಾನೂನು ತಡೆಯಲ್ಲ. ದುಡ್ಡಿಗೋ ಪ್ರತಿಫಲಕ್ಕೋ ಸ್ಕೂಲ್ ನಡೆಸಿದ್ರೆ ಪರವಾನಗಿ ಬೇಕು ಅನ್ನುತ್ತೆ. ಹಾಗಾಗಿ ನಾನು ನೋಡ್ಬೇಕಾಗಿರೋದು ಇವ್ರು ಕಲಿಸಿದ್ದು ಏನಾದ್ರೂ ಪಡೆಯೋಕೋ, ಸುಮ್ನೇನೋ ಅಂತ. ಅಜ್ಮತುಲ್ಲಾ ಅವ್ರೆ, ಫೀಸ್ ಎಷ್ಟು ತಗೊಳ್ತಿದ್ರಿ?"

"ಇಲ್ಲ ಸರ್."

"ಬೋರ್ಡ್ ಹಾಕಿದ್ರಾ? ಪಾಂಪ್ಲೆಟ್ಟು?"

"ಇಲ್ಲ ಸರ್. ಅವ್ರವ್ರ ಕಾರಲ್ಲಿ ಕೂರ್ತಿದ್ದೆ."

"ಈ ಫೋಟೋದಲ್ಲಿ ಕೈಲಿರೋ ಕವರ್ ತಗೊಂಡ್ರಾ?"

ನಾನು ಹೇಳಿಕೊಟ್ಟಿದ್ದ ಪ್ರಶ್ನೆ ಇದೇ.

"ತಗೊಂಡೆ ಸರ್."

"ದುಡ್ಡು ಎಲ್ಲಿದೆ?"

"ಖರ್ಚಾಯ್ತು ಸರ್."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ವೆಂಕಟರಂಗಯ್ಯ ತಲೆ ತಗ್ಗಿಸಿ ಕೂತರು, ಗೆದ್ದೆ ಎಂಬ ಮುಖವೇನೂ ಅವರದಾಗಿರಲಿಲ್ಲ.

"ಯಾವುದಕ್ಕೆ ಖರ್ಚು ಮಾಡಿದ್ರಿ?"

ಸಾಹೇಬರು ಬಾಗಿಲ ಬಳಿ ನಿಂತಿದ್ದ ಚಿಕ್ಕಬೋರಯ್ಯನ ಕಡೆ ಒಮ್ಮೆ ನೋಡಿದರು. "ಅದ್ ಬೇಡ ಸರ್. ನನ್ ಮೇಲೆ ಏನ್ ಬರೀಬೇಕೋ ಬರೀರಿ."

"ಹೇಳದಿದ್ರೆ ಸ್ವಂತಕ್ಕೆ ಬಳಸ್ಕೊಂಡ್ರು ಅಂತ ಬರೀಬೇಕಾಗುತ್ತೆ. ನಿಮ್ಮ ಲೈಸೆನ್ಸ್ ವಿಷಯ ಇದು."

ಅವರು ಆಗಲೂ ಬಾಯಿ ಬಿಡಲಿಲ್ಲ. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚನ್ನು ಅಡಗಿಸುವ ದನಿ ನನಗೊಂದಿದೆ, ಅದನ್ನೇ ತೆಗೆದೆ. "ಸಾಹೇಬ್ರೆ, ಈಗ ಹೇಳ್ತೀರೋ ಇಲ್ವೋ."

ಪಾಪ, ಬೆದರಿಬಿಟ್ಟರು. "ಬೋರಯ್ಯನೋರ ಅಂಬಾಸಿಡರ್ ಬ್ರೇಕ್ ಹೋಗಿತ್ತು ಸರ್. ಡ್ರಮ್ ಎಲ್ಲ ಸವೆದು, ಆಯಿಲ್ ಸೋರ್ತಿತ್ತು. ಅವ್ರು ಆಮೇಲ್ ನೋಡಣ, ಕಾಯಿ ಕಿತ್ ಮೇಲೆ ಮಾಡಿಸಣ ಅಂತಾನೇ ಇದ್ರು. ಪಕ್ಕದಲ್ಲಿ ಆ ತಾಯೀನ ಕೂರಿಸ್ಕಂಡು ಹೋಗ್ತಾರೆ. ನಂಗೆ ತಡೀಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ರ ಮೆಕ್ಯಾನಿಕ್‌ಗೆ ಆ ಕವರ್ ಕೊಟ್ಟು, ಪೂರಾ ಹೊಸಾದು ಹಾಕು, ಅವ್ರ ಹತ್ರ ಮುನ್ನೂರು ಮಾತ್ರ ಇಸ್ಕೊ, ನನ್ ಹೆಸರು ಎತ್ಬೇಡ ಅಂದಿದ್ದೆ. ಮಾನಸ್ತರು ಅವ್ರು, ಗೊತ್ತಾದ್ರೆ ಬೇಜಾರ್ ಮಾಡ್ಕತಾರೆ."

ಚಿಕ್ಕಬೋರಯ್ಯ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಗೆ ಹಿಡಿದುಕೊಂಡು ಮುಂದೆ ಬಂದರು.

"ಅಲ್ಲಾ ಕಣ್ ಸಾಬ್ರೆ, ಅದ್ಕೇ ಏನು ಆ ನನ್ ಮಗ ಮುನ್ನೂರೇ ಇಸ್ಕಂಡಿದ್ದು? ಇಂಥ ಧರ್ಮಾತ್ಮ ಮೆಕ್ಯಾನಿಕ್ಕು ಗುಬ್ಬೀಲೇ ಇಲ್ಲ ಅಂತ ನಾನು ಊರ್ ತುಂಬಾ ಹೊಗಳ್ಕಂಡ್ ತಿರುಗಿದೀನಲ್ಲ. ಆರ್ ಕಾರು ಕಳ್ಸಿದೀನಿ ಅವನ್ ತಾವ್ಕೆ. ಅವ್ರೆಲ್ಲ ಈಗ ನನ್ ಬೈಕತಾವ್ರೆ, ಚರ್ಮ ಸುಲೀತಾನೆ ಅಂತ."

ಮೊದಲು ನಕ್ಕವರು ವೆಂಕಟರಂಗಯ್ಯ. ಆಮೇಲೆ ಗುಮಾಸ್ತರು. ಅಧಿಕಾರಿ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡರು. ಚಿಕ್ಕಬೋರಯ್ಯ ಮಾತ್ರ ನಗಲಿಲ್ಲ. ಸಾಹೇಬರ ಭುಜ ಹಿಡಿದು, "ಒಂದ್ ಮಾತು ಹೇಳಿದ್ರೆ ನಾನೇ ಮಾಡಿಸ್ತಿರ್ಲಿಲ್ವಾ, ಬುಡಿ," ಎಂದವರು ಕಣ್ಣು ಒರೆಸಿಕೊಂಡು ಮತ್ತೆ ಬಾಗಿಲ ಬಳಿ ಹೋಗಿ ನಿಂತರು.

ಅಧಿಕಾರಿ ಚಿಕ್ಕಬೋರಯ್ಯನ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಮೆಕ್ಯಾನಿಕ್‌ಗೆ ಫೋನ್ ಮಾಡಿಸಿ ಮಾತಾಡಿದರು. ನಂತರ ವೆಂಕಟರಂಗಯ್ಯನವರನ್ನು ಕೇಳಿದರು. "ಇವ್ರ ಹತ್ರ ಕಲ್ತೋರಲ್ಲಿ ಲೈಸೆನ್ಸ್ ಇಲ್ಲದೋರು ಯಾರಾದ್ರೂ ಇದಾರಾ?"

"ಇಲ್ಲ ಸರ್. ಎಂಟರಲ್ಲಿ ಐದ್ ಜನ ನನ್ನ ಹತ್ರಾನೇ ಕಲ್ತು ಲೈಸೆನ್ಸ್ ತಗಂಡೋರು."

"ಅಂದ್ರೆ ನಿಮ್ಮ ಕೆಲಸ ಮುಗಿದ ಮೇಲೆ ಇವ್ರ ಹತ್ರ ಹೋಗಿದಾರೆ."

ವೆಂಕಟರಂಗಯ್ಯ ತಲೆಯಾಡಿಸಿದರು. "ಹೌದು ಸರ್. ಲೈಸೆನ್ಸ್ ಇಲ್ಲದೋರ್ನ ಕೂರಿಸ್ಕಳಲ್ಲ ಅಂದ್ರೆ ನಂದೇನೂ ತಕರಾರಿಲ್ಲ. ಆ ಪ್ರಾಂಶುಪಾಲರು ಅನ್ನೋದೊಂದು ಬಿಟ್ರೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಆದೇಶ ಟೈಪ್ ಆಗಿ ಕೈಗೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ಫೀಸು ಇಲ್ಲ, ಬೋರ್ಡು ಇಲ್ಲ, ಕಲಿಸುವ ಮೊದಲು ಇಷ್ಟು ಕೊಡಬೇಕೆಂಬ ಮಾತೂ ಇಲ್ಲ. ಮೂರು ವರ್ಷದ ನಂತರ ಕಲಿತವರು ತಾವಾಗಿ ಕೊಟ್ಟದ್ದು ಉಡುಗೊರೆಯೇ ಹೊರತು ಪಾಠದ ಪ್ರತಿಫಲವಲ್ಲ, ಅದನ್ನೂ ಇವರು ಸ್ವಂತಕ್ಕೆ ಬಳಸಿಲ್ಲ. ಆದ್ದರಿಂದ ಇದು ಪರವಾನಗಿ ಬೇಕಾದ ಚಾಲನಾ ಶಾಲೆಯಲ್ಲ, ದೂರು ಮುಕ್ತಾಯಗೊಳಿಸಲಾಗಿದೆ. ನಾನು ಅದನ್ನು ಎರಡು ಸಲ ಜೋರಾಗಿ ಓದಿ ಸಾಹೇಬರಿಗೆ ಕೇಳಿಸಿ, ನಮ್ಮ ಮನೆಯಲ್ಲಿ ಬಿಟ್ಟಿದ್ದ ಲೈಸೆನ್ಸನ್ನು ಅವರ ಜೇಬಿಗೆ ವಾಪಸ್ ಇಟ್ಟೆ. ನಾವು ಹೊರಡುವಾಗ ಅಧಿಕಾರಿ ಲಕ್ಷ್ಮೀಕಾಂತ್, "ಮುಂದಕ್ಕೆ ಕವರ್ ಬೇಡ. ಮತ್ತೆ ಮೇಡಂ, ಪೇಪರಿಗೆ ಬರೆಯೋ ಕೆಲಸ ಇನ್ಮೇಲೆ ಬೇರೆ ಯಾರಿಗಾದ್ರೂ ಬಿಡಿ," ಎಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. ಅವತ್ತು ಕೈಮುಗಿದೆ.

ಹೊರಗೆ ಬಂದಾಗ ಎದೆಯ ಮೇಲಿಂದ ಚಪ್ಪಡಿ ಕಲ್ಲು ಇಳಿಸಿದ ಹಾಗಿತ್ತು. ಚಿಕ್ಕಬೋರಯ್ಯ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು, ವೆಂಕಟರಂಗಯ್ಯನವರನ್ನೂ ಬಿಡಲಿಲ್ಲ. ಸಾಹೇಬರು ಮಾತ್ರ ಬೇಗ ಕುಣಿಗಲ್‌ಗೆ ಹೋಗಬೇಕು, ಮನೆಯವಳು ಕಾಯುತ್ತಿರುತ್ತಾಳೆ ಎಂದರು. ನನ್ನ ಕಾರಿನಲ್ಲೇ ಹೋಗೋಣ, ಈಗ ಯಾವ ಅಡ್ಡಿಯೂ ಇಲ್ಲ, ನೀವೇ ಓಡಿಸಿ ಎಂದು ಕೀ ಚಾಚಿದೆ. ಅವರು ತಗೊಳ್ಳಲಿಲ್ಲ.

"ಸುಸ್ತಾಗೈತೆ ಮೇಡಮ್ಮೋರೆ. ನೀವೇ ಓಡಿಸಿ."

ಕುಣಿಗಲ್ ರಸ್ತೆ ಅಗಲ ಕಡಿಮೆ, ತಿರುವು ಜಾಸ್ತಿ. ಮೂರು ವರ್ಷವೂ ನನ್ನ ಪಕ್ಕ ಕೂತಾಗ ಸಾಹೇಬರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಅವರ ಕಡೆ ಬ್ರೇಕೇ ಇಲ್ಲದಿದ್ದರೂ ಕಾಲ ಕೆಳಗಿನ ಮ್ಯಾಟನ್ನು ಒತ್ತಿ ಒತ್ತಿ ಅಲ್ಲಿ ತೂತೇ ಬಿದ್ದಿತ್ತು. ಹೆಬ್ಬೂರು ದಾಟಿದ ಮೇಲೆ ಒಂದು ಲಾರಿ ಸಿಕ್ಕಿತು. ಎದುರಿಗೆ ಬಸ್ಸು ಬರುತ್ತಿತ್ತು. ಕಾದೆ. ಬಸ್ಸು ಹೋದ ಮೇಲೂ ಇನ್ನೊಂದು ತಿರುವು ಮುಗಿಯಲಿ ಎಂದು ಕಾದೆ. ರಸ್ತೆ ನೆಟ್ಟಗಾದ ಮೇಲೆ ಹಾರನ್ ಕೊಟ್ಟು, ಲಾರಿಯವನು ಕೈ ತೋರಿಸಿದ ಮೇಲೆ ದಾಟಿದೆ. ಹೇಗಿತ್ತು ಸಾಹೇಬ್ರೆ ಎಂದೆ. ಉತ್ತರವಿಲ್ಲ. ತಿರುಗಿ ನೋಡಿದರೆ ತಲೆ ಕಿಟಕಿಗೆ ಒರಗಿದೆ, ಬಾಯಿ ಅರ್ಧ ತೆರೆದಿದೆ. ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

ಕುಣಿಗಲ್ ಕೆರೆ ಏರಿಯ ಮೇಲೆ ಇಪ್ಪತ್ತರ ಸ್ಪೀಡಿನಲ್ಲಿ ಹೋದೆ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ ಎಂದುಕೊಂಡೆ. ಫಿರ್ದೋಸಳ ಮನೆಯ ಮುಂದೆ ನಿಲ್ಲಿಸಿದಾಗ ಖುರ್ಷಿದಾ ಬೇಗಂ ಬಾಗಿಲಿಗೇ ಬಂದಿದ್ದರು. ಗಂಡನ ತಲೆ ಒರಗಿದ್ದು ಕಂಡು ಅವರ ಮುಖ ಬಿಳಿಚಿತು.

"ಏನಾಯ್ತು ಟೀಚರಮ್ಮ? ಲೈಸೆನ್ಸ್ ಕಿತ್ಕಂಡ್ರಾ?"

"ಇಲ್ಲ ಬೇಗಮ್ಮನೋರೆ, ಎಲ್ಲಾ ಮುಗೀತು. ಲೈಸೆನ್ಸ್ ಅವ್ರ ಜೇಬಲ್ಲೇ ಇದೆ. ನಿದ್ದೆ ಮಾಡ್ತಿದಾರೆ."

ಅವರು ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಏನೋ ಹೇಳಿಕೊಂಡರು. ಆಮೇಲೆ ಕಿಟಕಿಯ ಹತ್ತಿರ ಬಗ್ಗಿ ನೋಡಿ, ನನ್ನ ಕಡೆ ತಿರುಗಿದರು.

"ನೀವು ಓಡಿಸ್ವಾಗ ಮಲಗಿದ್ರಾ?"

"ಹೂಂ, ಹೆಬ್ಬೂರಿಂದ."

"ನಮ್ ಮದ್ವೆ ಆಗಿ ಮೂವತ್ತೆಂಟು ವರ್ಷ ಆಯ್ತು. ಇನ್ನೊಬ್ರು ಓಡಿಸೋ ಗಾಡೀಲಿ ಇವ್ರು ಕಣ್ ಮುಚ್ಚಿದ್ದು ನಾನ್ ನೋಡಿಲ್ಲ. ಅಳಿಯ ಓಡಿಸಿದ್ರೂ ಮಲಗಲ್ಲ, ಬಸ್ಸಲ್ಲಿ ಹೋದ್ರೂ ಮಲಗಲ್ಲ."

ಆ ಎಂಟು ಬರೆದು ಪಡೆದ ಲೈಸೆನ್ಸ್ ಎಂಟು ವರ್ಷದಿಂದ ಬ್ಯಾಗಿನಲ್ಲಿತ್ತು, ಆದರೆ ನಾನು ಪಾಸಾದದ್ದು ಅವತ್ತು. ಎಂಜಿನ್ ನಿಲ್ಲಿಸಿದರೆ ಡ್ರೈವರ್‌ಗಳಿಗೆ ತಟ್ಟನೆ ಎಚ್ಚರವಾಗುತ್ತದೆ ಎಂದು ಗೊತ್ತಿತ್ತು. ಪೆಟ್ರೋಲ್ ಸುಟ್ಟರೆ ಸುಡಲಿ ಎಂದು ಕೀ ತಿರುಗಿಸದೆ, ಹ್ಯಾಂಡ್‌ಬ್ರೇಕ್ ಎಳೆದು ಮೆಲ್ಲಗೆ ಇಳಿದೆ. ಬೇಗಂ ಒಳಗೆ ಹೋಗಿ ಎರಡು ಲೋಟ ಚಹಾ ತಂದರು. ನಾವಿಬ್ಬರೂ ಕಾರಿನ ಪಕ್ಕದಲ್ಲೇ ನಿಂತು, ಲೋಟದ ಸದ್ದಾಗದ ಹಾಗೆ ಕುಡಿದೆವು.